ಮುಚ್ಚಳ ತೆಗೆದವರು ಯಾರು

ನಮ್ಮಕ್ಕ ಕಂಪ್ಯೂಟರಿನ ಧೂಳು ತೆಗೆಯುವವಳು. ರಿಪೇರಿಯನ್ನೂ ಮಾಡುತ್ತಾಳೆ, ಆದರೆ ಕೇಳಿದವರಿಗೆ ಹೇಳುವುದು ಇಷ್ಟೇ: "ಧೂಳು ತೆಗೀತೀನಿ." ಅವಳು ಅದನ್ನು ಹೇಳುವ ಧಾಟಿಗೆ, ಎದುರಿಗಿದ್ದವರು ಆ ಧೂಳನ್ನೆಲ್ಲ ತಾವೇ ಬುಟ್ಟಿಯಲ್ಲಿ ಹೊತ್ತು ತಂದು ಸುರಿದವರ ಹಾಗೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಅವಳ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಬಗ್ಗಿ ಒಳಗೆ ಹೋಗದವರ ಹಣೆ ಮೂರನೇ ಮೆಟ್ಟಿಲಿಗೆ ತಾಗುತ್ತದೆ. "ಅಕ್ಕಾ, ಬಗ್ಗಿ ಬನ್ನಿ ಅಂತ ಒಂದು ಬೋರ್ಡ್ ಹಾಕಬಾರದಾ?" ಎಂದು ನಾನೊಮ್ಮೆ ಕೇಳಿದ್ದೆ. "ಯಾಕೆ? ಒಂದು ಸಲ ಚಚ್ಚಿಕೊಂಡು ಬಂದ್ರೆ ಆಮೇಲೆ ಹೇಳಿದ್ದು ತಲೆಗೆ ಹೋಗುತ್ತೆ," ಎಂದಳು. ಬೀದಿಯವರು ಅವಳಿಗೆ ಸಿಡಿಮದ್ದು ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೆ ಗೊತ್ತು. ಅದಕ್ಕೆ ಮಾತ್ರ ಅವಳಿಗೆ ಕೋಪವಿಲ್ಲ.

ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಅಕ್ಕನಿಗೆ ಹತ್ತು ವರ್ಷವಾದಾಗ ಅವಳ ಕೈಗೆ ಒಂದು ಬ್ರಷ್ಷು ಕೊಟ್ಟು ಅಕ್ಷರಗಳ ಸಂದಿಯ ಮಸಿ ತೆಗೆಯಲು ಕೂರಿಸಿದರು. ನನಗೆ ಹತ್ತಾದಾಗ ಕಥೆ ಪುಸ್ತಕ ಕೊಟ್ಟು ಆಚೆ ಕೂರಿಸಿದರು. ಕಾರಣವಿತ್ತು. ನನ್ನ ಕೈಗೆ ಸಿಕ್ಕಿದ ಮೊದಲ ಟೈಪ್‌ರೈಟರಿನ ಒಂದು ಕೀಲಿ ಆಮೇಲೆ ಯಾವತ್ತೂ ಮೇಲೇಳಲಿಲ್ಲ. ಟೈಪ್‌ರೈಟರುಗಳ ಕಾಲ ಮುಗಿದಾಗ ಅಪ್ಪ ಅಂಗಡಿಯ ಬಾಗಿಲೆಳೆದು ಸುಮ್ಮನಾದರು. ಅಕ್ಕ ಅದೇ ಬ್ರಷ್ಷು ಹಿಡಿದುಕೊಂಡು ಕಂಪ್ಯೂಟರಿಗೆ ಹಾರಿದಳು. ಇಪ್ಪತ್ತೆರಡು ವರ್ಷವಾಯಿತು.

ಅವಳ ಪದ್ಧತಿ ಒಂದಿದೆ. ತೆಗೆದ ಧೂಳನ್ನು ಕಾಗದದ ಪೊಟ್ಟಣ ಕಟ್ಟಿ ಯಂತ್ರದ ಜೊತೆಗೇ ವಾಪಸು ಕೊಡುತ್ತಾಳೆ. "ನಿಮ್ಮದು ನಿಮಗೆ." ಪೊಟ್ಟಣ ಬಿಚ್ಚಿಸಿ ಓದಿಯೂ ಹೇಳುತ್ತಾಳೆ. ಇದು ದರ್ಜಿ ಅಂಗಡಿಯದ್ದು, ನೂಲಿದೆ. ಇದು ಶಾಲೆಯದ್ದು, ಸೀಮೆಸುಣ್ಣ. ಇದು ಬೆಕ್ಕಿನದ್ದು. ಒಬ್ಬ ವಕೀಲರಿಗೆ ಪೊಟ್ಟಣ ಕೊಡುತ್ತ, "ಸಿಗರೇಟು ಬಿಟ್ಟೆ ಅಂತ ಮನೇಲಿ ಹೇಳಿದ್ದೀರಲ್ಲ, ಇದನ್ನ ಮನೆಗೆ ಒಯ್ಯಬೇಡಿ," ಎಂದಳು. ಪಕ್ಕದಲ್ಲಿ ವಕೀಲರ ಹೆಂಡತಿ ನಿಂತಿದ್ದರು.

"ಧೂಳಿನ ಮೇಲೆ ನನಗೇನೂ ಕೋಪ ಇಲ್ಲಪ್ಪ," ಎನ್ನುತ್ತಾಳೆ. "ಅದರ ಕೆಲಸ ಅದು ಮಾಡುತ್ತೆ. ತಮ್ಮ ಕೆಲಸ ಮಾಡದೆ ಬೇರೆಯವರ ಕೆಲಸಕ್ಕೆ ಕೈ ಹಾಕ್ತಾರಲ್ಲ, ಅವರ ಮೇಲೆ ಕೋಪ."

ಅಂಥವರಿಗೇನೂ ಬರವಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹೊಡೆದವರು, ಒದ್ದೆ ಬಟ್ಟೆಯಲ್ಲಿ ಒರೆಸಿದವರು, ಬಾಯಲ್ಲಿ ಊದಿದವರು. "ಊದಿದ್ರಾ? ಬಾಯಲ್ಲಿ? ಇದೇನ್ರೀ, ಒಲೇನಾ? ಧೂಳು ಅಲ್ಲೇ ಇದೆ, ಜೊತೆಗೆ ನಿಮ್ಮ ಎಂಜಲೂ ಇದೆ!" ಬೈದು ಕಳಿಸಿದವರೇ ಮತ್ತೆ ಬರುತ್ತಾರೆ. ಯಾಕೆಂದರೆ ಅವಳ ಕೈಗೆ ಹೋದ ಯಂತ್ರ ಜೀವಂತವಾಗಿ ಮನೆಗೆ ಬರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಲ್ಲಿ ಒಂದೂ ಸತ್ತಿಲ್ಲ. ಅವಳು ಹೆಮ್ಮೆಪಡುವುದು ಇದೊಂದಕ್ಕೆ. ಮಗಳು ತರಗತಿಗೇ ಮೊದಲಿಗಳಾಗಿ ಬಂದಾಗ, "ಹ್ಞೂಂ, ಸರಿ," ಎಂದವಳು ಅವಳು.

ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಸಹಾಯಕ. ಮೇಲಿನ ಅಂತಸ್ತಿನಲ್ಲಿ ಓದುಗರಿಗೆಂದು ಹನ್ನೊಂದು ಕಂಪ್ಯೂಟರುಗಳಿವೆ. ಕೆಳಗೆ ನನ್ನ ಕೌಂಟರಿನ ಮೇಲೆ ಒಂದಿದೆ. ಯಾವ ಪುಸ್ತಕ ಎಲ್ಲಿದೆ, ಯಾರು ಒಯ್ದು ಎರಡು ವರ್ಷವಾಯಿತು ಎಂಬುದೆಲ್ಲ ಅದರ ಹೊಟ್ಟೆಯಲ್ಲಿದೆ. ಈ ಹನ್ನೆರಡನ್ನೂ ಆರು ತಿಂಗಳಿಗೊಮ್ಮೆ ಅಕ್ಕ ಬಂದು ಶುಚಿ ಮಾಡಿ, ನಿರ್ವಹಣೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗುತ್ತಾಳೆ. ಈ ಕೆಲಸ ಅವಳಿಗೆ ಸಿಕ್ಕಿದ್ದರಲ್ಲಿ ನನ್ನ ಕೈವಾಡವೇನೂ ಇಲ್ಲ. ನಾನು ಅವಳ ತಮ್ಮ ಎಂದು ತಿಳಿದಾಗ ನಮ್ಮ ಮುಖ್ಯ ಗ್ರಂಥಪಾಲಕರು, "ಹೌದಾ? ಆಕೆ ಅಷ್ಟು ಚುರುಕಿದ್ದಾರೆ," ಎಂದು ಆಶ್ಚರ್ಯಪಟ್ಟಿದ್ದರು. ಈ ಮುಖ್ಯಸ್ಥರಿಗೆ ನಾವು ಸಿಬ್ಬಂದಿ ಇಟ್ಟ ಹೆಸರು ಸುತ್ತೋಲೆ. ಕಿಟಕಿ ಮುಚ್ಚುವುದಕ್ಕೆ ಒಂದು ಸುತ್ತೋಲೆ ಹೊರಡಿಸುತ್ತಾರೆ, ಸೆಕೆಯಾದಾಗ ಮೊದಲನೆಯದನ್ನು ಹಿಂಪಡೆದು ಇನ್ನೊಂದು.

ಅಕ್ಕನ ಕೆಲಸ ನೋಡಬೇಕು. ಬಂದವಳೇ ಮೊದಲು ಯಂತ್ರವನ್ನು ಆರಿಸಿ, ವೈರನ್ನು ಗೋಡೆಯಿಂದಲೇ ಕೀಳುತ್ತಾಳೆ. ಆಮೇಲೂ ಆನ್ ಗುಂಡಿಯನ್ನು ಒಂದಷ್ಟು ಹೊತ್ತು ಒತ್ತಿ ಹಿಡಿಯುತ್ತಾಳೆ, ಒಳಗೆ ಉಳಿದ ಕರೆಂಟು ಹರಿದು ಹೋಗಲೆಂದು. ನಂತರ ಯಂತ್ರವನ್ನು ಎತ್ತಿಕೊಂಡು ಹಿಂದಿನ ವರಾಂಡಕ್ಕೆ ನಡೆಯುತ್ತಾಳೆ. ಕೋಣೆಯಲ್ಲೇ ಧೂಳು ಹಾರಿಸಿದರೆ ಅದು ಪಕ್ಕದ ಯಂತ್ರದೊಳಗೆ ಹೋಗಿ ಸಂಸಾರ ಹೂಡುತ್ತದಂತೆ. ಮುಚ್ಚಳದ ಸ್ಕ್ರೂ ಬಿಚ್ಚಿ ಒಂದು ಬಟ್ಟಲಿಗೆ ಹಾಕುತ್ತಾಳೆ, ಮೇಜಿನ ಮೇಲೆ ಬಿಡುವುದಿಲ್ಲ. ಒಳಗೆ ಏನನ್ನು ಮುಟ್ಟುವ ಮೊದಲೂ ಬಣ್ಣ ಬಳಿಯದ ತಗಡನ್ನು ಒಮ್ಮೆ ಮುಟ್ಟುತ್ತಾಳೆ. ನಮ್ಮ ಮೈಯಲ್ಲೂ ಒಂದಿಷ್ಟು ಕರೆಂಟು ಕೂತಿರುತ್ತದೆ, ಅದು ತಗಡಿಗೆ ಹೋದರೆ ತೊಂದರೆಯಿಲ್ಲ, ಒಳಗಿನ ಚಿಪ್‌ಗೆ ಹೋಗಬಾರದು. ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸುತ್ತಾಳೆ. ಗಾಳಿಯನ್ನು ಒತ್ತಿ ತುಂಬಿದ ಡಬ್ಬಿಯನ್ನು ನೆಟ್ಟಗೆ ಹಿಡಿದು ಪುಸ್, ಪುಸ್ ಎಂದು ಚೂರು ಚೂರೇ ಹೊಡೆಯುತ್ತಾಳೆ. ಓರೆಯಾದರೆ ಒಳಗಿನ ದ್ರವ ಚಿಮ್ಮುತ್ತದೆ. ಮೂಲೆಗಳಿಗೆ ಮೆತ್ತನೆಯ ಬ್ರಷ್ಷು. ಕರೆಂಟು ಬರುವ ಪವರ್ ಡಬ್ಬಿಯನ್ನು ಮಾತ್ರ ಬಿಚ್ಚುವುದೇ ಇಲ್ಲ, ಹೊರಗಿಂದ ಗಾಳಿ ಹೊಡೆದು ಬಿಡುತ್ತಾಳೆ. "ಅದರೊಳಗೆ ಕೈ ಹಾಕೋ ಧೈರ್ಯ ನನಗಿಲ್ಲ," ಎನ್ನುತ್ತಾಳೆ. "ಧೈರ್ಯ ಇದ್ದೋರು ಈಗ ಇಲ್ಲ."

ನಮ್ಮ ಅಟೆಂಡರ್ ಇದನ್ನೆಲ್ಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ. ನಿವೃತ್ತಿಗೆ ಎರಡು ವರ್ಷವಿರುವ ಹಿರಿಯರು. ಅಕ್ಕ ಅವರನ್ನು ಅಣ್ಣ ಎನ್ನುತ್ತಾಳೆ, ಅವರು ಅವಳನ್ನು ತಂಗಿ ಎನ್ನುತ್ತಾರೆ. ಅವರ ಬಳಿ ನೆಲಹಾಸಿನ ಧೂಳು ಎಳೆಯುವ ಒಂದು ದೈತ್ಯ ವ್ಯಾಕ್ಯೂಮ್ ಇದೆ, ಅದನ್ನು ಅವರು ಆನೆ ಎಂದು ಕರೆಯುತ್ತಾರೆ.

"ತಂಗೀ, ನಮ್ಮ ಆನೆ ತಂದು ಒಂದ್ಸಲ ಸುರ್ರಂತ ಎಳೆದ್ರೆ ಎಲ್ಲಾ ಐದು ನಿಮಿಷದ ಕೆಲಸ ಅಲ್ವಾ?" ಎಂದು ಅವರೊಮ್ಮೆ ಕೇಳಿದ್ದರು.

"ಆ ಪ್ಲಾಸ್ಟಿಕ್ ಸೊಂಡಿಲಿದೆಯಲ್ಲ ಅಣ್ಣ, ಅದರಲ್ಲಿ ಗಾಳಿ ಧೂಳು ಉಜ್ಜಿ ಉಜ್ಜಿ ಕರೆಂಟ್ ಹುಟ್ಟುತ್ತೆ. ಒಂದು ಕಿಡಿ. ಕಣ್ಣಿಗೂ ಕಾಣಲ್ಲ, ಕೈಗೂ ಗೊತ್ತಾಗಲ್ಲ. ಯಂತ್ರ ಅಲ್ಲೇ ಮುಗೀತು."

"ಅಯ್ಯೋ, ಹಾಗಾದ್ರೆ ಬೇಡಪ್ಪ," ಎಂದರು ಅವರು. ಅಂದಿನಿಂದ ಆನೆ ಕಂಪ್ಯೂಟರುಗಳಿಂದ ಎರಡು ಮಾರು ದೂರದಲ್ಲೇ ನಡೆಯಿತು. ಆ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ಒಂದಲ್ಲ, ಹತ್ತು ಸಲ ಕೇಳಿಸಿಕೊಂಡಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಳೆದ ಸಲ ಅಕ್ಕ ಗುರುವಾರ, ಶುಕ್ರವಾರ ಎರಡು ದಿನ ಬಂದು ಹನ್ನೆರಡನ್ನೂ ಮುಗಿಸಿದಳು. ಹೋಗುವಾಗ ನನಗೆ ಹೇಳಿದಳು: "ನಿನ್ನ ಕೌಂಟರಿಂದು ಸದ್ದು ಮಾಡುತ್ತೆ ಕಣೋ. ಧೂಳಲ್ಲ, ಫ್ಯಾನ್ ಸವೆದಿದೆ. ಸೋಮವಾರ ಹೊಸದು ತಂದು ಹಾಕ್ತೀನಿ. ಅಲ್ಲೀವರೆಗೂ ಅದು ಕಿರುಚಿದ್ರೂ ಯಾರೂ ಮುಟ್ಟಬೇಡಿ. ನಿಮ್ಮ ಸುತ್ತೋಲೆಗೂ ಹೇಳಿಬಿಡು."

"ಆಯ್ತಕ್ಕ," ಎಂದೆ. ಸುತ್ತೋಲೆಗೆ ಹೇಳಲಿಲ್ಲ, ಮರೆತೆ.

ಶನಿವಾರ ಮುಖ್ಯಸ್ಥರು ಮೀಟಿಂಗಿಗೆ ಹೋಗಿದ್ದರು. ಅಟೆಂಡರ್ ರಜೆಯಲ್ಲಿದ್ದರು. ಕೌಂಟರಿನಲ್ಲಿ ನಾನೊಬ್ಬನೇ. ಯಂತ್ರ ಕೊರ್ರ್ ಎನ್ನುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಪತ್ರಿಕೆಯಿಂದ ತಲೆಯೆತ್ತಿ, "ಏನ್ರೀ ಅದು, ಒಳಗೆ ಯಾರಾದ್ರೂ ನಿದ್ದೆ ಮಾಡ್ತಿದ್ದಾರಾ?" ಎಂದರು. ನಾಲ್ಕೈದು ಜನ ನಕ್ಕರು. ಆಗ ನಾನು ಏನಾದರೂ ತಮಾಷೆ ಮಾಡಿ ಸುಮ್ಮನಿರಬಹುದಿತ್ತು. ಬದಲಿಗೆ, "ಒಂದೇ ನಿಮಿಷ ಸರ್," ಎಂದು ಎದ್ದೆ. ಐವತ್ತೊಂದು ವರ್ಷದ ಗಂಡಸು ನಾಲ್ಕು ಜನರ ಮುಂದೆ "ಒಂದೇ ನಿಮಿಷ" ಎಂದು ಎದ್ದನೆಂದರೆ ಏನೋ ಒಂದು ಹಾಳಾಗುವುದು ಖಂಡಿತ.

ಅಕ್ಕ ಮಾಡುವುದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಅದರಲ್ಲೇನಿದೆ ಎಂದುಕೊಂಡೆ. ಆರಿಸಿದೆ, ವೈರು ಕೀಳಲಿಲ್ಲ. ಸ್ಕ್ರೂಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಗಾಳಿ ಡಬ್ಬಿ ಅಕ್ಕನ ಚೀಲದಲ್ಲಿ ಹೋಗಿತ್ತು. ಮೂಲೆಯಲ್ಲಿ ಆನೆ ನಿಂತಿತ್ತು.

ಸೊಂಡಿಲು ತೂರಿಸಿ ಗುಂಡಿ ಒತ್ತಿದೆ. ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು. ಗಾಬರಿಯಲ್ಲಿ ಸೊಂಡಿಲು ಒಳಕ್ಕೆ ಜಾರಿ ಟಕ್ ಎಂದಿತು, ಒಂದು ರೆಕ್ಕೆ ಮುರಿದು ಆನೆಯ ಹೊಟ್ಟೆ ಸೇರಿತು. ಸೊಂಡಿಲನ್ನು ಹೊರಗೆಳೆದ ರಭಸಕ್ಕೆ ಅದು ಮೇಜಿನ ಮೇಲಿದ್ದ ಸ್ಕ್ರೂಗಳಲ್ಲಿ ಒಂದನ್ನೂ ನುಂಗಿತು. ಮುಚ್ಚಿ ಆನ್ ಮಾಡಿದೆ. ಸದ್ದು ಪೂರ್ತಿ ನಿಂತಿತ್ತು. ಯಂತ್ರವೂ.

"ಪರವಾಗಿಲ್ವೇ, ಸದ್ದು ನಿಲ್ಲಿಸಿಬಿಟ್ರಿ!" ಎಂದರು ಮೇಷ್ಟ್ರು. ಪತ್ರಿಕೆ ಮಡಿಸಿಟ್ಟು, ಸಮಾಧಾನದಿಂದ ಮನೆಗೆ ಹೊರಟರು.

ಉಳಿದವರಿಗೆ "ಸರ್ವರ್ ಡೌನ್" ಎಂದು ಹೇಳಿದೆ. ಯಾರೂ ಮರುಪ್ರಶ್ನೆ ಕೇಳದ ಮಾತು ಅದು. ಕಳೆದ ಸ್ಕ್ರೂವಿನ ಜಾಗ ಮಾತ್ರ ಕಣ್ಣು ಕುಕ್ಕುವಂತೆ ಖಾಲಿ ಕಾಣುತ್ತಿತ್ತು. ಹಾಲ್‌ನಲ್ಲಿ ಪುಸ್ತಕಗಳ ಹೆಸರು ಬರೆದ ಹಳೆಯ ಕಾರ್ಡುಗಳ ಮರದ ಬೀರು ಇದೆ. ಈಗ ಉಪಯೋಗವಿಲ್ಲ, ಚೆಂದಕ್ಕೆ ಇಟ್ಟಿದ್ದೇವೆ. ಅದರ ಒಂದು ಖಾನೆಯ ಹೆಸರಿನ ಫಲಕದಿಂದ ಒಂದು ಹಿತ್ತಾಳೆ ಸ್ಕ್ರೂ ಬಿಚ್ಚಿ ತಂದು, ಬಲವಂತವಾಗಿ ತಿರುಪಿ ಕೂರಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಅತ್ತಿಗೆಗೆ ಈಗಲೇ ಫೋನ್ ಮಾಡಿ ಹೇಳಿ."

"ಸೋಮವಾರ ಬರ್ತಾಳಲ್ಲ, ಎದುರಿಗೇ ಹೇಳ್ತೀನಿ."

"ಎದುರಿಗೆ ಹೇಳೋ ಮುಖಾನಾ ಇದು?" ಎಂದು ಅವಳು ನನ್ನ ಮುಖ ನೋಡಿದಳು. ಅಲ್ಲವೆಂದು ನನಗೂ ಗೊತ್ತಿತ್ತು.

ಸೋಮವಾರ ನಾನು ಹೋಗುವಷ್ಟರಲ್ಲಿ ಸುತ್ತೋಲೆಯವರು ಸತ್ತ ಯಂತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಶನಿವಾರ ಕೆಲಸ ಮಾಡ್ತಿತ್ತೇನ್ರೀ?"

"ಮಾಡ್ತಿತ್ತು ಸರ್... ಅರ್ಧ."

"ಅರ್ಧ ಅಂದ್ರೆ?"

"ಅರ್ಧ ದಿನ ಸರ್."

ಅವರು ರಿಜಿಸ್ಟರ್ ತರಿಸಿ, ಅಕ್ಕನ ಸಹಿಯ ಪಕ್ಕದಲ್ಲೇ ತಮ್ಮ ದುಂಡು ಅಕ್ಷರದಲ್ಲಿ ಬರೆದರು: "ಶುಚಿಗೊಳಿಸುವವರ ನಿರ್ಲಕ್ಷ್ಯದಿಂದ ಯಂತ್ರ ಹಾಳಾಗಿರುತ್ತದೆ." ಅಷ್ಟಕ್ಕೇ ಬಿಡಲಿಲ್ಲ. ಆರು ಶಾಖಾ ಗ್ರಂಥಾಲಯಗಳಿಗೂ, ಅಕ್ಕ ಕೆಲಸ ಮಾಡುವ ಎರಡು ಶಾಲೆಗಳಿಗೂ, ಇನ್ನು ಮುಂದೆ ಇವರಿಗೆ ಯಂತ್ರಗಳನ್ನು ಒಪ್ಪಿಸಕೂಡದು ಎಂದು ಸುತ್ತೋಲೆ ಬರೆಯಲು ಕೂತರು. ಸಂಜೆ ನಾಲ್ಕರ ಟಪಾಲಿಗೆ ಹೋಗಬೇಕಂತೆ. ಆ ಕಾಗದ ಹೊರಟಿತೆಂದರೆ ಇಪ್ಪತ್ತೆರಡು ವರ್ಷದ ಹೆಸರು ಅದರ ಜೊತೆಗೇ ಹೊರಟಂತೆ. ನನ್ನ ಎದೆ ಧಸಕ್ಕೆಂದಿತು. ಎದೆ ಮಾತ್ರ. ಬಾಯಿ ತನ್ನ ಪಾಡಿಗೆ ಮುಚ್ಚಿಕೊಂಡೇ ಇತ್ತು.

ಹನ್ನೊಂದಕ್ಕೆ ಅಕ್ಕ ಬಂದಳು, ಕೈಯಲ್ಲಿ ಹೊಸ ಫ್ಯಾನಿನ ಪೆಟ್ಟಿಗೆ. ಸುತ್ತೋಲೆಯವರು ಮಾತಾಡದೆ ರಿಜಿಸ್ಟರನ್ನು ಅವಳತ್ತ ತಿರುಗಿಸಿದರು. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಫ್ಯಾನಿನ ಪೆಟ್ಟಿಗೆಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು. ಆ ಮೆಲ್ಲಗೆ ಇಟ್ಟದ್ದಕ್ಕೇ ನನಗೆ ಬೆವರಿಳಿಯಿತು.

"ಇದನ್ನ ಬರೆದೋರು ಯಾರು?"

"ನಾನೇ ಅಮ್ಮ. ನೀವು ಮುಟ್ಟಿ ಹೋದ ಮೇಲೆ ಅರ್ಧ ದಿನ ನಡೆದು ಯಂತ್ರ ನಿಂತಿದೆ."

"ನಾನು ಮುಟ್ಟಿ ಹೋದ ಮೇಲೆ ನೀವೂ ಬದುಕಿದ್ದೀರಲ್ಲ ಸರ್, ಅದಕ್ಕೂ ನಾನೇ ಕಾರಣಾನಾ? ಫ್ಯಾನ್ ಸವೆದಿದೆ, ಸೋಮವಾರ ತರ್ತೀನಿ ಅಂತ ಹೇಳಿ ಹೋಗಿದ್ದೆ. ನಿಮಗೆ ಗೊತ್ತಿಲ್ವಾ?"

"ನನಗ್ಯಾರೂ ಹೇಳಿಲ್ಲ."

ಅಕ್ಕ ನನ್ನತ್ತ ನೋಡಿದಳು. "ಮರೆತೆ ಅಕ್ಕ," ಎಂದೆ. ಬೆಳಗ್ಗೆಯಿಂದ ನಾನಾಡಿದ ಮೊದಲ ನಿಜ ಅದು. ಅವಳು ಹಲ್ಲು ಕಚ್ಚಿ, "ನಿನ್ನ ಆಮೇಲೆ ನೋಡ್ಕೋತೀನಿ," ಎಂದು ಯಂತ್ರದ ಕಡೆ ತಿರುಗಿದಳು. "ಎಲ್ಲರೂ ಬನ್ನಿ ಇಲ್ಲಿ. ಎಲ್ಲರ ಮುಂದೆ ಬಿಚ್ತೀನಿ."

ಸ್ಕ್ರೂಡ್ರೈವರ್ ಹಚ್ಚಿದವಳು ಅಲ್ಲೇ ನಿಂತಳು. "ಇದೇನಿದು? ಹಿತ್ತಾಳೆ? ಮರದ ಸ್ಕ್ರೂ! ಕಂಪ್ಯೂಟರಿಗೆ ಮರದ ಸ್ಕ್ರೂ ಹೊಡೆದಿದ್ದಾರೆ!" ಮುಚ್ಚಳ ತೆಗೆದಳು. ಫ್ಯಾನಿನ ಒಂದು ರೆಕ್ಕೆ ಇರಲಿಲ್ಲ, ಮುರಿದ ಚೂರೂ ಒಳಗಿರಲಿಲ್ಲ, ಯಾವುದೋ ಸೊಂಡಿಲು ಎಳೆದುಕೊಂಡ ಹಾಗಿತ್ತು. ಅವಳು ಹಾಲ್‌ನ ಸುತ್ತ ಕಣ್ಣಾಡಿಸಿದಳು. ಕಾರ್ಡಿನ ಬೀರುವಿನಲ್ಲಿ ಒಂದು ಫಲಕ ಒಂದೇ ಸ್ಕ್ರೂವಿನ ಮೇಲೆ ಓರೆಯಾಗಿ ಜೋತಾಡುತ್ತಿತ್ತು. ಶನಿವಾರ ಅದು ನನಗೆ ನೆಟ್ಟಗೇ ಕಂಡಿತ್ತು.

ಸಿಟ್ಟಿನಲ್ಲಿ ಅಕ್ಕ ಬೇಗ ಯೋಚಿಸುತ್ತಾಳೆ. ಅದೇ ತೊಂದರೆ. ಅವಳು ನೇರ ಅಟೆಂಡರ್ ಮುಂದೆ ಹೋಗಿ ನಿಂತಳು.

"ಏನ್ರೀ ಇದು? ಬೀರು ಒರೆಸೋರು ನೀವು. ಆನೆ ನಿಮ್ಮದು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯೋರೂ ನೀವೇ. ಅಷ್ಟು ಬಿಡಿಸಿ ಹೇಳಿದ್ನಲ್ರೀ, ಆನೆ ತರಬೇಡಿ ಅಂತ!"

ಇಷ್ಟು ವರ್ಷ ಅಣ್ಣ ಎನ್ನುತ್ತಿದ್ದವಳ ಬಾಯಲ್ಲಿ "ಏನ್ರೀ" ಬಂದದ್ದು ಅವರಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಮುಖ ಕೆಂಪಾಯಿತು.

"ನಾನು ಮುಟ್ಟಿಲ್ಲ. ಶನಿವಾರ ರಜೆ ಇದ್ದೆ. ಇವತ್ತು ಬಂದಾಗ ಆನೆ ನಾನಿಟ್ಟ ಜಾಗದಲ್ಲಿರಲಿಲ್ಲ. ಅದರ ವೈರು ಸುತ್ತಿರೋದೂ ನನ್ನ ಕೈಯಲ್ಲ. ನಾನು ಹಗ್ಗ ಸುತ್ತೋ ಹಾಗೆ ಸುತ್ತೋನು, ಇದು ಯಾರೋ ಕರವಸ್ತ್ರ ಮುದುರಿದ ಹಾಗೆ ಮುದುರಿದ್ದಾರೆ."

"ಮತ್ಯಾರು ಬಂದ್ರು? ದೆವ್ವಾನಾ?" ಅಕ್ಕ ನನ್ನ ಕಡೆ ತಿರುಗಿದಳು. "ನೀನಿದ್ಯಲ್ಲೋ ಶನಿವಾರ. ಯಾರನ್ನಾದ್ರೂ ನೋಡಿದ್ಯಾ?"

"ಇಲ್ಲಕ್ಕ. ನಾನು... ಓದ್ತಾ ಇದ್ದೆ."

"ಹ್ಞೂಂ, ಓದು. ಪಕ್ಕದಲ್ಲಿ ಗೋಡೆ ಬಿದ್ರೂ ಓದು." ಸುತ್ತೋಲೆಯವರಿಗೆ ಹೇಳಿದಳು: "ಇವನನ್ನ ಬಿಡಿ. ಸ್ಕ್ರೂಡ್ರೈವರಿನ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲದೋನು." ನನ್ನ ಮೇಲೆ ಅವಳಿಗೆ ಎಂಥ ನಂಬಿಕೆ!

ಸುತ್ತೋಲೆಯವರು ಮಣಿಯಲಿಲ್ಲ. ಯಾರು ತೆಗೆದರೆಂದು ತಿಳಿಯದ ಮೇಲೆ, ಕೊನೆಯ ಸಹಿ ಯಾರದೋ ಹೊಣೆ ಅವರದೇ ಎಂದರು. "ನಾಲ್ಕು ಗಂಟೆಯೊಳಗೆ ಯಾರು ಅಂತ ತೋರಿಸಿ, ಸುತ್ತೋಲೆ ನಿಲ್ಲಿಸ್ತೀನಿ." ಅಕ್ಕ ಹೋಗಲಿಲ್ಲ. ಓದುಗರ ಬೆಂಚಿನ ಮೇಲೆ, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಳು. ಅಟೆಂಡರ್ ಇನ್ನೊಂದು ತುದಿಯಲ್ಲಿ ಗೋಡೆ ನೋಡುತ್ತ ಕೂತರು. ಆ ಬೆಂಚಿನ ಮೇಲೆ ಅವತ್ತು ಬೇರೆ ಯಾರೂ ಕೂರುವ ಧೈರ್ಯ ಮಾಡಲಿಲ್ಲ.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಹೇಳಿದ್ರಾ?"

"ಊಟ ಮಾಡ್ತಿದ್ದೀನಿ."

"ಊಟ ಇಳಿಯುತ್ತಾ ನಿಮಗೆ?" ಎಂದು ಇಟ್ಟುಬಿಟ್ಟಳು. ಇಳಿಯುತ್ತಿರಲಿಲ್ಲ. ಡಬ್ಬಿ ಮುಚ್ಚಿದೆ.

ಮೂರೂವರೆಗೆ ಸುತ್ತೋಲೆಯವರು ನನ್ನನ್ನೇ ಒಳಗೆ ಕರೆದರು. "ಇದರ ಎಂಟು ಪ್ರತಿ ತೆಗೀರಿ. ನಿಮ್ಮ ಅಕ್ಕ ಅಂತ ಗೊತ್ತು, ಆದರೆ ಕಚೇರಿ ಕೆಲಸ ಕಚೇರಿ ಕೆಲಸ." ನಾನು ಆ ಕಾಗದ ಹಿಡಿದು ಜೆರಾಕ್ಸ್ ಯಂತ್ರದ ಮುಂದೆ ನಿಂತೆ. ಒಂದೊಂದೇ ಪ್ರತಿ ಬೆಚ್ಚಗೆ ಹೊರಬಂತು. ಎಂಟರಲ್ಲೂ ಅಕ್ಕನ ಹೆಸರು, ಎಂಟರಲ್ಲೂ "ನಿರ್ಲಕ್ಷ್ಯ." ಟಪಾಲಿಗೆ ಒಯ್ಯಲು ಅಟೆಂಡರ್ ಬಂದು ಪಕ್ಕದಲ್ಲಿ ನಿಂತಿದ್ದರು.

"ಶನಿವಾರ ನೀವೊಬ್ರೇ ಇದ್ರಿ," ಎಂದರು, ನನ್ನ ಮುಖ ನೋಡದೆ.

ನಾನು ಪ್ರತಿಗಳನ್ನು ಎಣಿಸಿದೆ.

"ನಾನು ಹೇಳಲ್ಲ. ನಾನು ಹೇಳಿದ್ರೆ ಅಟೆಂಡರ್ ತನ್ನ ತಪ್ಪು ಮುಚ್ಕೊಳ್ಳೋಕೆ ಹೇಳ್ತಾನೆ ಅಂತಾರೆ. ಮೂವತ್ತಾರು ವರ್ಷ ಕೆಲಸ ಮಾಡಿದೀನಿ ಇಲ್ಲಿ, ಒಂದು ಪೆನ್ಸಿಲ್ ಮನೆಗೆ ಒಯ್ದಿಲ್ಲ. ಇವತ್ತು ಆ ತಂಗಿ ಎಲ್ಲರ ಮುಂದೆ ನನ್ನ ಕಳ್ಳನ ಹಾಗೆ ನಿಲ್ಲಿಸಿದ್ಲು. ನೀವು ಅಲ್ಲೇ ಇದ್ರಿ, ಸುಮ್ನೆ ನಿಂತ್ರಿ." ಅವರು ಕೈ ಚಾಚಿದರು. "ಕೊಡಿ ಆ ಕಾಗದ, ಟಪಾಲಿಗೆ ಹೊತ್ತಾಯ್ತು."

ಕೊಡಲಿಲ್ಲ. ಧೈರ್ಯ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಆ ಚಾಚಿದ ಕೈಗೆ ಕಾಗದ ಕೊಡಲು ಬೇಕಾದ ಧೈರ್ಯ ನನ್ನಲ್ಲಿರಲಿಲ್ಲ, ಅಷ್ಟೇ. ಎಂಟು ಪ್ರತಿಗಳನ್ನೂ ಹಿಡಿದುಕೊಂಡು ಹಾಲ್‌ಗೆ ಬಂದು, "ನಾನೇ ಅಕ್ಕ," ಎಂದೆ.

"ಏನು ನೀನೇ?"

"ಮುಚ್ಚಳ ತೆಗೆದಿದ್ದು. ಆನೆ ಹಾಕಿದ್ದು. ಸ್ಕ್ರೂನೂ ನಾನೇ."

ಮೊದಲು ಅವಳು ನಂಬಲಿಲ್ಲ. ಅಟೆಂಡರನ್ನು ಉಳಿಸಲು ಹೇಳುತ್ತಿದ್ದೇನೆ ಎಂದುಕೊಂಡಳೋ ಏನೋ, ಒಂದು ಕ್ಷಣ ಅವಳ ಮುಖ ಮೆತ್ತಗಾಯಿತು. ನಾನು ಎಲ್ಲವನ್ನೂ ಹೇಳಿದೆ, ಮೇಷ್ಟ್ರ ಮಾತು, ಸೊಂಡಿಲು, ರೆಕ್ಕೆ, ಸರ್ವರ್ ಡೌನ್. ಅವಳ ಮುಖ ಮತ್ತೆ ಗಟ್ಟಿಯಾಯಿತು.

"ವೈರು ಕಿತ್ತಿದ್ಯಾ?"

"ಇಲ್ಲ."

"ತಗಡು ಮುಟ್ಟಿದ್ಯಾ?"

"ಇಲ್ಲ."

"ಯಂತ್ರ ಹೋಯ್ತು, ಹೋಗಲಿ! ಸಾಯಬೇಕಾದ ದಿನ ಅದೂ ಸಾಯುತ್ತೆ. ನೀನು ಸಾಯದೆ ಉಳಿದಿದ್ದೇ ದೊಡ್ಡದು." ಅವಳು ಎದ್ದು ನಿಂತಳು. ಮೇಲಿನ ಅಂತಸ್ತಿನವರೂ ಬಗ್ಗಿ ನೋಡತೊಡಗಿದರು. "ಆದರೆ ಬೆಳಗ್ಗೆ ಹನ್ನೊಂದರಿಂದ ನಾನು ಬೈಸ್ಕೋತಿದ್ದೀನಿ. ನಾನು ಆ ಅಣ್ಣನ್ನ ಬೈತಿದ್ದೀನಿ. ನೀನು ಕಂಬದ ಹಾಗೆ ಅಲ್ಲೇ ನಿಂತಿದ್ಯಲ್ಲೋ! ಓದ್ತಾ ಇದ್ದೆ ಅಂದ್ಯಲ್ಲೋ! ಏನು ಓದಿದ್ಯೋ ಇಷ್ಟು ವರ್ಷ, ಈ ಇಷ್ಟು ಪುಸ್ತಕದ ಮಧ್ಯೆ ಕೂತ್ಕೊಂಡು?"

ಹಲ್ಲು ಕಿರಿಯಲು ನೋಡಿದೆ, ಬರಲಿಲ್ಲ.

ಗದ್ದಲಕ್ಕೆ ಸುತ್ತೋಲೆಯವರು ಹೊರಬಂದರು. ವಿಷಯ ತಿಳಿದು, ಕನ್ನಡಕ ತೆಗೆದು ಒರೆಸಿ, ದೊಡ್ಡ ಮನಸ್ಸು ಮಾಡಿದರು. "ಸರಿ ಬಿಡಿ, ಅಕ್ಕ ತಮ್ಮಂದಿರ ಮನೆ ವಿಷಯ. ಸುತ್ತೋಲೆ ಹರಿದು ಹಾಕೋಣ. ಎಲ್ಲ ಮುಗೀತು."

"ರಿಜಿಸ್ಟರು?" ಎಂದಳು ಅಕ್ಕ.

"ಅದಿರಲಿ ಬಿಡಿ ಅಮ್ಮ. ಒಂದು ಸಲ ಬರೆದದ್ದು ತಿದ್ದೋದು ಸರಿಯಲ್ಲ. ಅದನ್ನ ಯಾರು ಓದ್ತಾರೆ?"

"ನಾನು ಓದ್ತೀನಿ. ಆರು ತಿಂಗಳಿಗೊಂದ್ಸಲ ಸಹಿ ಹಾಕೋಕೆ ಬರ್ತೀನಲ್ಲ, ಪ್ರತಿ ಸಲಾನೂ ಓದ್ತೀನಿ."

"ಇವರ ಹೆಸರು ಬರೆದರೆ ಮೆಮೋ ಕೊಡಬೇಕಾಗುತ್ತೆ. ನಿಮ್ಮ ತಮ್ಮ..."

"ಕೊಡಿ."

"ಬಡ್ತಿಗೆ ತೊಂದರೆ..."

"ಆಗಲಿ. ನನ್ನ ಹೆಸರಿಗೆ ತೊಂದರೆ ಆಗುವಾಗ ನೀವೂ ಯೋಚಿಸಲಿಲ್ಲ, ಇವನೂ ಯೋಚಿಸಲಿಲ್ಲ. ಮನೆ ವಿಷಯ ಮನೇಲಿ ನೋಡ್ಕೋತೀನಿ, ಅದು ಬೇರೆ ಇದೆ. ಇದು ನನ್ನ ಕೆಲಸದ ವಿಷಯ. ಹೊಡೆದು ಹಾಕಿ ಆ ಸಾಲು. ಇವನ ಕೈಯಲ್ಲೇ ಬರೆಸಿ."

ಸುತ್ತೋಲೆಯವರು ಸಾಲನ್ನು ಹೊಡೆದು ಸಹಿ ಮಾಡಿ, ಪೆನ್ನು ನನ್ನ ಕೈಗಿತ್ತರು. ನಾನು ಬರೆದೆ: "ಅಚಾತುರ್ಯದಿಂದ ನನ್ನಿಂದ..."

ಅಕ್ಕ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು. "ಅಚಾತುರ್ಯ ಅಂದ್ರೇನೋ?"

"ಅಂದ್ರೆ... ತಿಳೀದೆ ಆದದ್ದು."

"ನಿನಗೆ ತಿಳಿದಿರಲಿಲ್ವಾ? ಹತ್ತು ಸಲ ಹೇಳಿರಲಿಲ್ವಾ ನಾನು? ಹೊಡೆದು ಹಾಕು ಅದನ್ನ."

ಹೊಡೆದೆ. "ಮುಟ್ಟಬಾರದೆಂದು ತಿಳಿದಿದ್ದರೂ ನಾನು ವ್ಯಾಕ್ಯೂಮ್ ಬಳಸಿ ಯಂತ್ರವನ್ನು ಹಾಳು ಮಾಡಿದೆ. ಶುಚಿಗೊಳಿಸಿದವರದು ಯಾವ ತಪ್ಪೂ ಇಲ್ಲ. ಅಟೆಂಡರ್ ಅವರದೂ ಇಲ್ಲ." ಕೊನೆಯ ವಾಕ್ಯವನ್ನು ಸೇರಿಸಿದ್ದು ಅಕ್ಕ. ಮೂವತ್ತು ವರ್ಷ ಕಚೇರಿ ಭಾಷೆ ಬರೆದವನ ಕೈಯಿಂದ ಇಷ್ಟು ನೆಟ್ಟಗಿನ ವಾಕ್ಯಗಳು ಬಂದದ್ದು ಅದೇ ಮೊದಲು.

ನಂತರ ಅವಳು ಅಟೆಂಡರ್ ಮುಂದೆ ಹೋಗಿ ನಿಂತಳು. ಕ್ಷಮೆ ಕೇಳುವಾಗಲೂ ಅವಳ ದನಿ ಜಗಳದ ದನಿಯೇ. "ಅಣ್ಣ, ತಪ್ಪಾಯ್ತು. ನೋಡದೆ ಬೈದೆ. ನೀವೂ ಎಲ್ಲರ ಮುಂದೆ ನನಗೆ ನಾಲ್ಕು ಬೈದುಬಿಡಿ."

"ಇವತ್ತು ಬೇಡ," ಎಂದರು ಅವರು. "ನನಗಿನ್ನೂ ಸಿಟ್ಟಿದೆ. ಇವತ್ತು ಶುರು ಮಾಡಿದ್ರೆ ನಾಲ್ಕಕ್ಕೆ ನಿಲ್ಲಲ್ಲ."

"ಸರಿ, ನಾಳೆ ಬರ್ತೀನಿ," ಎಂದಳು. ಅವರು ತಲೆಯಾಡಿಸಿದರು. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ಯಂತ್ರದೊಳಗಿನ ಬೋರ್ಡು ಸುಟ್ಟುಹೋಗಿತ್ತು, ಪುಸ್ತಕಗಳ ಲೆಕ್ಕವೆಲ್ಲ ಇದ್ದ ಡಿಸ್ಕ್ ಉಳಿದಿತ್ತು. ಅಕ್ಕ ಮೇಲಿನಿಂದ ಒಂದು ಯಂತ್ರವನ್ನು ಇಳಿಸಿ ತಂದು, ಆ ಡಿಸ್ಕನ್ನು ಅದಕ್ಕೆ ಕೂರಿಸಲು ಕೌಂಟರಿನ ಮೇಲೇ ಹರಡಿಕೊಂಡಳು. ಅಷ್ಟರಲ್ಲಿ ಸಂಜೆಯ ಓದುಗರು ಪುಸ್ತಕ ಹಿಡಿದು ಸಾಲು ನಿಂತಿದ್ದರು. ಮುಚ್ಚಳ ತೆಗೆದಳು, ತಗಡು ಮುಟ್ಟಿದಳು, ಬಗ್ಗಿದಳು. ನಾನು ಹತ್ತಿರ ಹೋದೆ.

"ಅಕ್ಕ, ಏನಾದ್ರೂ ಹಿಡ್ಕೊಳ್ಲಾ?"

"ಬೆಳಕಿಗೆ ಅಡ್ಡ ನಿಂತಿದ್ದೀಯ. ಆಚೆ ಸರಿ."

ಸರಿದೆ.

"ಇನ್ನೂ."

ಇನ್ನೂ ಸರಿದೆ. ಅವಳು ತಲೆಯೆತ್ತಲೇ ಇಲ್ಲ, ಸ್ಕ್ರೂಡ್ರೈವರನ್ನು ಮಾತ್ರ ಗಾಳಿಯಲ್ಲಿ ಎರಡು ಸಲ ಬೀಸಿದಳು, ಇನ್ನೂ, ಇನ್ನೂ. ನಾನು ಕೌಂಟರು ದಾಟಿ, ಸಾಲಿನಲ್ಲಿ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ದಾಟಿ, ಹಿಂದೆ ಹಿಂದೆ ನಡೆದು ಬಾಗಿಲ ಬಳಿ ಕೊನೆಯವನಾಗಿ ನಿಂತೆ. ಮುಂದಿದ್ದ ಹೆಂಗಸು ತಿರುಗಿ ನೋಡಿ, "ನೀವೂ ಪುಸ್ತಕ ವಾಪಸ್ ಕೊಡೋಕೆ ಬಂದಿರೋದಾ?" ಎಂದು ಕೇಳಿದರು.

"ಹ್ಞೂಂ," ಎಂದೆ.